ವಖಾರಿ ಕಡೆಯ ಗೋಲು

ನಿಪ್ಪಾಣಿಯ ಚಹಾದಂಗಡಿಯಲ್ಲಿ ನಮ್ಮ ಹಳೆಯ ಹಾಕಿ ತಂಡದವರು ಸೇರಿದರೆ ಮಾತು ತಪ್ಪದೆ ಆ ಗ್ರೌಂಡಿಗೇ ಬಂದು ನಿಲ್ಲುತ್ತದೆ. 'ಆ ಗ್ರೌಂಡಿನ ಮಜಾನ ಬ್ಯಾರೆ ಬಿಡ್ರಿ' ಎಂದು ಒಬ್ಬ ಶುರು ಮಾಡಿದರೆ ಉಳಿದವರ ಕಣ್ಣುಗಳು ತುಂಬುತ್ತವೆ. ನನಗೆ ಮೈ ಉರಿಯುತ್ತದೆ. ಅವರ ಮೇಲಿನ ಸಿಟ್ಟಲ್ಲ ಅದು. ಅಲ್ಲಿ ಆಡಿದಷ್ಟು ಸುಖವಾಗಿ ನಾನೂ ಮತ್ತೆಲ್ಲಿಯೂ ಆಡಲಿಲ್ಲ, ಅದಕ್ಕೇ ಸಿಟ್ಟು.

ತಂಬಾಕಿನ ವಖಾರಿಯ, ಅಂದರೆ ಗೋದಾಮಿನ, ಹಿಂದಿನ ಖಾಲಿ ಜಾಗ ಅದು. ಎಂಬತ್ತರ ದಶಕದಲ್ಲಿ ನಾವೇ ಕಲ್ಲು ಆರಿಸಿ, ನೆಲ ಬಡಿದು, ಸುಣ್ಣದ ಗೆರೆ ಎಳೆದು ಅದನ್ನು ನಮ್ಮದು ಮಾಡಿಕೊಂಡಿದ್ದೆವು. ಒಂದು ಗೋಲು ವಖಾರಿಯ ಹಿಂಗೋಡೆಗೆ ಹತ್ತಿಕೊಂಡೇ ಇತ್ತು. ಆ ಗೋಡೆಯ ಕಿಟಕಿಯ ಒಳಗೆ ನನ್ನ ಅವ್ವ, ಬೇರೆ ಹೆಂಗಸರೊಂದಿಗೆ ಸೆರಗನ್ನು ಬಾಯಿಗೆ ಕಟ್ಟಿಕೊಂಡು ತಂಬಾಕಿನ ಪುಡಿ ಜರಡಿ ಹಿಡಿಯುತ್ತಿದ್ದಳು. ಪುಡಿ ಹಾರಬಾರದೆಂದು ಕಿಟಕಿ ಮುಚ್ಚಿಯೇ ಇರುತ್ತಿತ್ತು.

ಒಮ್ಮೆ ಕೊಲ್ಹಾಪುರದ ತಂಡ ಬಂದ ದಿನ ಆ ಕಿಟಕಿ ಹೇಗೋ ತೆರೆದು ಪುಡಿ ಹೊರಗೆ ಹಾರುತ್ತಿತ್ತು. ಅವರ ಗೋಲ್‌ಕೀಪರ್ ಸೀನುತ್ತ ಕಣ್ಣು ಒರೆಸಿಕೊಳ್ಳುವಾಗ ನಾನು ಚೆಂಡನ್ನು ಸಲೀಸಾಗಿ ಒಳಗೆ ತಳ್ಳಿದೆ. ಹುಟ್ಟಿದಾಗಿನಿಂದ ಅದೇ ಗಾಳಿ ಕುಡಿದ ನಮಗೆ ಏನೂ ಆಗಲಿಲ್ಲ. ಅಂದಿನಿಂದ ಅದೇ ನಮ್ಮ ಉಪಾಯವಾಯಿತು. ಎದುರಾಳಿಗಳು ಆ ಗೋಲು ಕಾಯುವ ಸರದಿ ಬಂದಾಗ ನಾನು ಕಿಟಕಿ ತಟ್ಟುತ್ತಿದ್ದೆ.

'ಅವ್ವಾ, ಕಿಟಕಿ ತಗದು ಜರಡಿ ಹಿಡಿ ಈಗ.'

'ಮುಕಾದಮ ಬೈತಾನಲೇ.'

'ಅಂವಾನೂ ಮ್ಯಾಚ್ ನೋಡಾಕತ್ತಾನ. ಬೈಯಂಗಿಲ್ಲ.'

ನಿಜವೇ. ಹೆಂಗಸರ ಕೆಲಸ ನೋಡಿಕೊಳ್ಳುವ ಆ ಮುಕಾದಮ ನಮಗಾಗಿ ಗಂಟಲು ಹರಿಯುವಂತೆ ಕೂಗುತ್ತಿದ್ದ.

ಕೂತು ಜರಡಿ ಹಿಡಿದರೆ ಧೂಳು ನೆಲಕ್ಕೇ ಬೀಳುತ್ತದೆ. ಕಿಟಕಿ ದಾಟಬೇಕೆಂದರೆ ನಿಂತುಕೊಂಡು, ಜರಡಿಯನ್ನು ಮುಖದ ಮಟ್ಟಕ್ಕೆ ಎತ್ತಿ ಆಡಿಸಬೇಕು. ಅವ್ವ ಹಾಗೇ ಮಾಡುತ್ತಿದ್ದಳು. ಆ ಸರದಿ ಮುಗಿಯುವವರೆಗೆ ಇಳಿಸುತ್ತಿರಲಿಲ್ಲ. ನಾವು ಗೆಲ್ಲುತ್ತಿದ್ದೆವು. ಸಂಜೆ ರೊಟ್ಟಿ ಬಡಿಯುತ್ತ, 'ನಂದೂ ಒಂದ ಗೋಲ್ ಐತಿ ಇದರಾಗ' ಎಂದು ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು. ನಕ್ಕು ನಕ್ಕು ಕೆಮ್ಮು ಬಂತೆಂದು ನಾನೂ ನಗುತ್ತಿದ್ದೆ. ಕತ್ತೆಯ ಹಾಗೆ ಬೆಳೆದಿದ್ದೆ, ಅಷ್ಟು ತಿಳಿಯಲಿಲ್ಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಮನೆ ಹಿಡಿದಳು. ಮೀರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎದೆಯ ಫೋಟೋ ನೋಡಿದ ಡಾಕ್ಟರು, ತಂಬಾಕಿನ ಧೂಳಿನಲ್ಲಿ ಎಷ್ಟು ವರ್ಷ ಇದ್ದಳೆಂದಷ್ಟೇ ಕೇಳಿದರು. ವಖಾರಿಯ ಹೆಂಗಸರೆಲ್ಲ ಕೆಮ್ಮುತ್ತಿದ್ದರು, ಎಲ್ಲವೂ ನಮ್ಮಿಂದಲೇ ಆಯಿತು ಎನ್ನಲಾರೆ. ಆದರೆ ಉಳಿದವರು ಕೂತು ಜರಡಿ ಹಿಡಿದರು. ನಿಂತು ಹಿಡಿದವಳು ಅವಳೊಬ್ಬಳೇ. ಇದನ್ನು ಡಾಕ್ಟರಿಗೆ ನಾನು ಹೇಳಲಿಲ್ಲ.

ಅದೇ ವರ್ಷ ಆ ಜಾಗದಲ್ಲಿ ಅಂಗಡಿಗಳ ಪಾಯ ತೋಡಿದರು. ನಮಗೆ ಅಕ್ಕೋಳದ ದಾರಿಯಲ್ಲಿ, ಹೊಲಗಳ ನಡುವೆ ಬೇರೆ ಗ್ರೌಂಡು ಸಿಕ್ಕಿತು. ಗಾಳಿ ಚೊಕ್ಕವಾಗಿತ್ತು. ಮೊದಲ ಮ್ಯಾಚಿನಲ್ಲೇ, ಅದೇ ಕೊಲ್ಹಾಪುರದವರ ಕೈಯಲ್ಲಿ, ನಾಲ್ಕು ಗೋಲು ತಿಂದು ಸೋತೆವು. ಅವರ ಗೋಲ್‌ಕೀಪರ್ ಒಂದು ಸಲವೂ ಸೀನಲಿಲ್ಲ. ನಾವು ಅಂಥ ಆಟಗಾರರೇ ಆಗಿರಲಿಲ್ಲ ಎಂಬುದು ಅಂದು ತಿಳಿಯಿತು.

ಮನೆಗೆ ಬಂದಾಗ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ.

'ಏನಾತು?'

'ಸೋತ್ವಿ.'

ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

'ಅಲ್ಲಿ ಕಿಟಕಿ ಇಲ್ಲೇನಪಾ?'

'ಇಲ್ಲವ್ವಾ. ಸುತ್ತಲೂ ಬರೇ ಹೊಲ.'

ನನ್ನ ಸ್ಟಿಕ್ಕನ್ನು ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ನಿಜಕ್ಕೂ ಕೆಡುಕೆನಿಸಿತ್ತು.

'ಇದ್ದಿದ್ರ ನಾ ಬರ್ತಿದ್ನೆಪಾ' ಎಂದಳು.