ತೀರಿಕೊಂಡವರ ಪಾಯಿಂಟು, ಖಾತ್ರಿ ಅಕ್ಕನ ಫೋನು

ಇನ್ನೂ ಬೆಳಕು ಹರಿದಿಲ್ಲ. ಐದನೇ ಮಹಡಿಯ ಹಜಾರದ ಬಾಗಿಲು ತಳ್ಳಿದರೆ ಒಳಗೆ ಗವ್ವೆನ್ನುವ ಕತ್ತಲೆ. ಒಂದು ಹೆಜ್ಜೆ ಇಟ್ಟರೆ ತಲೆಯ ಮೇಲಿನ ದೀಪ ತಾನಾಗಿ ಹತ್ತಿಕೊಳ್ಳುತ್ತದೆ, ಇನ್ನೆರಡು ಹೆಜ್ಜೆಗೆ ಮುಂದಿನ ಸಾಲಿನದು. ಯಾರಾದರೂ ಅಲುಗಾಡಿದರೆ ಮಾತ್ರ ಉರಿಯುವ ದೀಪಗಳಿವು, ಕರೆಂಟು ಉಳಿಸಲು ಮಾಡಿಕೊಂಡ ಏರ್ಪಾಟು. ಖಾತ್ರಿ ಅಕ್ಕ ಕಿಟಕಿ ಪಕ್ಕದ ತಮ್ಮ ಕುರ್ಚಿಗೆ ಬಂದು ಕೂತು, ಕಿವಿಗೆ ಹೆಡ್‌ಫೋನ್ ಏರಿಸಿ, ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಅವರು ದಾಟಿ ಬಂದ ಸಾಲುಗಳೆಲ್ಲ ಒಂದೊಂದಾಗಿ ಆರಿರುತ್ತವೆ. ಕೆಲವು ದಿನ ದೂರದ ಮೂಲೆಯಲ್ಲಿ ಒಂದು ದೀಪ ಯಾರೂ ಇಲ್ಲದೆ ಹತ್ತಿಕೊಳ್ಳುವುದುಂಟು. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದರಂತೆ. ಈಗ ಹೋಗುವುದಿಲ್ಲ.

"ಇಲಿ ಇರ್ಬೇಕು ಅಂದ್ಕೊಂಡಿದೀನಿ. ಹೋಗಿ ನೋಡಿದ್ರೆ ತಾನೇ ಇಲಿ ಅಲ್ಲ ಅಂತ ಗೊತ್ತಾಗೋದು?" ಎಂದು ನಗುತ್ತಾರೆ.

ಅವರ ಕೆಲಸ ಹೇಳಲು ಸುಲಭ. ಕ್ರೆಡಿಟ್ ಕಾರ್ಡು ಇಟ್ಟುಕೊಂಡವರು ಉಜ್ಜಿ ಉಜ್ಜಿ ಪಾಯಿಂಟು ಕೂಡಿಸುತ್ತಾರೆ, ಕೂಡಿದ ಪಾಯಿಂಟಿಗೆ ಕುಕ್ಕರೋ ಕೈಚೀಲವೋ ತರಿಸಿಕೊಳ್ಳುತ್ತಾರೆ. ವಸ್ತು ಗೋದಾಮು ಬಿಡುವ ಮೊದಲು ಒಬ್ಬರು ಫೋನ್ ಮಾಡಿ, ಕೇಳಿದ್ದು ನೀವೇ ತಾನೆ, ವಿಳಾಸ ಸರಿಯಿದೆಯೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆ ಒಬ್ಬರು ಇವರು. ಬ್ಯಾಂಕಿನ ನೌಕರಿಯೇನಲ್ಲ, ಬ್ಯಾಂಕಿನ ಪರವಾಗಿ ಫೋನ್ ಮಾಡಿಕೊಡುವ ಗುತ್ತಿಗೆ ಕಂಪನಿಯದು. ಹಜಾರದಲ್ಲಿ ಎಲ್ಲರಿಗಿಂತ ಹಳಬರಾದ್ದರಿಂದ ಜೊತೆಯವರು ಇಟ್ಟ ಹೆಸರೇ ಖಾತ್ರಿ ಅಕ್ಕ, ಈಗ ಮನೆಯ ಕೆಳಗಿನ ಅಂಗಡಿಯವನೂ ಹಾಗೇ ಕೂಗುತ್ತಾನೆ.

ದಿನಕ್ಕೆ ನೂರರ ಮೇಲೆ ಕರೆ. ಕೂಲಿ ಕರೆಯ ಲೆಕ್ಕದಲ್ಲಿ. ಎಡಗಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು ಕೂತುಬಿಟ್ಟಿದೆ, ರಜೆಯ ದಿನವೂ ಬಿಡುವುದಿಲ್ಲ. ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು, ಗಂಟಲು ಕೈಕೊಟ್ಟ ದಿನ ಸಂಪಾದನೆಯೂ ಕೈಕೊಟ್ಟ ಹಾಗೆ. ಗ್ರಾಹಕರು ಯಾವ ಹೊತ್ತಿಗೆ ಫೋನ್ ಮಾಡಬೇಕೆಂದು ಮೊದಲೇ ಗುರುತು ಹಾಕಿರುತ್ತಾರೆ. ಬೆಳಕು ಹರಿಯುವ ಹೊತ್ತನ್ನು ಆರಿಸುವವರು ಹೆಚ್ಚಾಗಿ ನಿದ್ದೆ ಬಾರದ ವಯಸ್ಸಾದವರು. ಹಾಗಾಗಿ ಬೆಳಗಿನ ಪಾಳಿಯನ್ನು ಹಜಾರದ ಹುಡುಗಿಯರು ಅಜ್ಜಂದಿರ ಪಾಳಿ ಎನ್ನುತ್ತಾರೆ, ಮತ್ತು ಉಪಾಯವಾಗಿ ಅಕ್ಕನ ತಲೆಗೆ ಕಟ್ಟುತ್ತಾರೆ. ಅಕ್ಕನಿಗೂ ಅದೇ ಇಷ್ಟ, ಮಧ್ಯಾಹ್ನಕ್ಕೆ ಅಮ್ಮನ ಜೊತೆ ಊಟಕ್ಕೆ ಕೂರಬಹುದಲ್ಲ.

ಈ ಸಲ ಬ್ಯಾಂಕು ಪಾಯಿಂಟಿಗೆ ಕತ್ತರಿ ಹಾಕಿತು. ಮುಂದಿನ ತಿಂಗಳಿಂದ ಪಾಯಿಂಟಿನ ಬೆಲೆ ಅರ್ಧ. ಹಳೆಯ ಪಾಯಿಂಟು ಬಳಸದಿದ್ದರೆ ಪೂರ್ತಿ ಸೊನ್ನೆ. ಸುದ್ದಿ ಹೊರಬಿದ್ದದ್ದೇ ತಡ, ಜನ ಕೆರಳಿದರು. ಒಬ್ಬ ನಿವೃತ್ತ ಹೆಡ್‌ಮಾಸ್ಟರು ಅಕ್ಕನ ಕಿವಿಗೇ ಕೇಳಲಿ ಎಂದು ಫೋನಿನ ಹತ್ತಿರ ಹಿಡಿದು ಕಾರ್ಡನ್ನು ಕಚಕ್ಕನೆ ಕತ್ತರಿಸಿದರು, ಆಮೇಲೆ ಮೆಲ್ಲಗೆ ಹೊಸ ಕಾರ್ಡು ಎಷ್ಟು ದಿನಕ್ಕೆ ಬರುತ್ತದೆ ಎಂದು ವಿಚಾರಿಸಿದರು. ಬೈಯದವರು ಬಾಚಿಕೊಳ್ಳಲು ಶುರುಮಾಡಿದರು. ಗೋದಾಮು ಬರಿದಾಗುತ್ತ ಬಂದು ಕೊನೆಗೆ ಉಳಿದದ್ದು ನೀರು ಕಾಯಿಸುವ ಕೆಟಲ್ಲು. ಮನೆಯಲ್ಲಿ ಎರಡಿದ್ದವರೂ ಮೂರನೆಯದು ತರಿಸಿದರು. ನೀರು ಪಾಲಾಗುವ ಪಾಯಿಂಟು ನೀರು ಕಾಯಿಸಲಾದರೂ ಆಗಲಿ ಎಂದು ಒಬ್ಬಾಕೆ ಹೇಳಿದರಂತೆ.

ಗಲಾಟೆ ತಣಿಸಲು ಬ್ಯಾಂಕು ಒಂದು ಉಪಕಾರ ಮಾಡಹೊರಟಿತು. ವಸ್ತುಗಳ ಪಟ್ಟಿ ನೋಡುತ್ತ ‘ಬೇಕು’ ಎಂದು ಗುರುತು ಹಾಕಿ, ತರಿಸದೆ ಹಾಗೇ ಬಿಟ್ಟವರು ಲಕ್ಷಗಟ್ಟಲೆ ಇರುತ್ತಾರೆ. ಅಂಥವರ ಪಾಯಿಂಟು ಸಾಕಷ್ಟಿದ್ದರೆ ಆ ವಸ್ತುವನ್ನು ತಾನಾಗಿ ಕಳಿಸಿಬಿಡೋಣ, ಫೋನಿನಲ್ಲಿ ಹೂಂ ಅಂದರೆ ಸಾಕು ಎಂದು ಬ್ಯಾಂಕು ತೀರ್ಮಾನಿಸಿತು. ಗುರುತು ಹಾಕಿದವರು ಈಗ ಇದ್ದಾರೋ ಇಲ್ಲವೋ ಎಂದು ಯಾರೂ ಯೋಚಿಸಲಿಲ್ಲ. ಯಂತ್ರಕ್ಕೆ ಅದು ಗೊತ್ತಾಗುವ ಹಾಗೂ ಇರಲಿಲ್ಲ, ಏಕೆಂದರೆ ಸಾವಿನ ಸುದ್ದಿಯನ್ನು ಎಷ್ಟೋ ಮನೆಯವರು ಬ್ಯಾಂಕಿಗೆ ಮುಟ್ಟಿಸಿರುವುದೇ ಇಲ್ಲ. ಹೀಗೆ ಯಾವಾಗಲೋ ಕಣ್ಣು ಮುಚ್ಚಿದವರ ಆಸೆಗಳು ಒಂದೊಂದಾಗಿ ಎದ್ದು ಬಂದು ಅಕ್ಕನ ಪರದೆಯ ಮೇಲೆ ಸಾಲುಗಟ್ಟಿ ನಿಂತವು. ಕರೆ ಬರಬೇಕಾದ ಹೊತ್ತನ್ನೂ ಅವರು ಬದುಕಿದ್ದಾಗಲೇ ಗುರುತು ಹಾಕಿಟ್ಟಿದ್ದರು, ಮುಂಜಾನೆ.

ತೀರಿಹೋದವರ ಹೆಸರಿಗೆ ಬಂದ ಕರೆ ಎತ್ತಿದವರು ‘ಅವರಿಲ್ಲ’ ಅನ್ನುತ್ತಾರೆ ಎಂದು ನೀವು ಅಂದುಕೊಳ್ಳಬಹುದು. ಹಾಗೆ ಅನ್ನುವವರು ಕಡಿಮೆ. ಹೆಂಡತಿ ದನಿ ದಪ್ಪ ಮಾಡಿಕೊಂಡು ಗಂಡನಾಗುತ್ತಾಳೆ. ಮಗ ಅಪ್ಪನಾಗುತ್ತಾನೆ. ಕಾರ್ಡುದಾರ ತೀರಿದರೆ ಪಾಯಿಂಟೂ ತೀರಿತು ಎಂಬುದು ಬ್ಯಾಂಕಿನ ನಿಯಮ. ಬೇರೆಯವರು ಹೂಂಗುಟ್ಟುತ್ತಿದ್ದಾರೆ ಎಂದು ಅನುಮಾನ ಬಂದರೆ ಅಕ್ಕ ಅಲ್ಲೇ ರದ್ದು ಮಾಡಬೇಕು. ಅದನ್ನು ಪತ್ತೆ ಹಚ್ಚುವುದು ಹೇಗೆ?

"ಬದುಕಿರೋರನ್ನ ಅವರ ಹೆಸರು ಹಿಡಿದು ಕೇಳಿದ್ರೆ, ಮೊದಲು ‘ನೀವ್ಯಾರು?’ ಅಂತಾರೆ. ಸಾಲದವರೋ ಏನೋ ಅಂತ ಭಯ ಇರುತ್ತಲ್ಲ! ಸತ್ತೋರ ಪರವಾಗಿ ಮಾತಾಡೋರು ಏನೂ ಕೇಳಲ್ಲ. ಒಂದು ಉಸಿರು ಎಳ್ಕೊಂಡು ನೇರ ‘ಹೌದು’ ಅಂತಾರೆ. ಆ ಉಸಿರು ಬಂತು ಅಂದ್ರೆ ನಂಗೆ ಗೊತ್ತಾಗಿ ಹೋಗುತ್ತೆ" ಎನ್ನುತ್ತಾರೆ ಅಕ್ಕ.

ಗೊತ್ತಾದ ಕೂಡಲೇ ಅವರು ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಹೂಂ ಅಂದವರು ಸರಿಯಾದವರು ಎನಿಸಿದ ಮೇಲಷ್ಟೇ ವಸ್ತುವಿನ ಹೆಸರು ಓದಬೇಕೆಂಬುದು ಕ್ರಮ. ಹಾಗಾಗಿ ‘ಆಮೇಲೆ ಮಾಡ್ತೀವಿ’ ಎಂದು ಫೋನಿಟ್ಟು ರದ್ದು ಒತ್ತುತ್ತಿದ್ದರು. ಒಂದು ಪುಟ್ಟ ಸೈಕಲ್ಲು ಮಾತ್ರ ಅವರನ್ನು ಬಹಳ ಕಾಡಿತು. ಗುರುತು ಹಾಕಿದ್ದ ಅಪ್ಪ ಯಾವಾಗಲೋ ಹೋಗಿದ್ದ, ಫೋನೆತ್ತಿದ ಮಗಳ ಕಂಕುಳಲ್ಲಿ ಅವಳದೇ ಮಗು ಅಳುತ್ತಿತ್ತು. ಅವಳು ಅಪ್ಪನಾಗಿ ಹೂಂ ಅಂದಳು. ಏನು ಬರಲಿತ್ತು ಎಂದು ಅವಳಿಗೆ ತಿಳಿಯಲೇ ಇಲ್ಲ. ಇಂಥ ದಿನಗಳಲ್ಲಿ ಅಕ್ಕ ಮನೆಗೆ ಹೋಗಿ ಬಾಗಿಲು ಬಡಿಯುವ ಮುಂಚೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂರುತ್ತಾರೆ.

ಮನೆಯಲ್ಲಿರುವುದು ಅಮ್ಮ ಒಬ್ಬರೇ. ಅಪ್ಪ ಲಿಫ್ಟ್ ರಿಪೇರಿಯವರು. ನೆಟ್ಟಗೆ ನಿಲ್ಲುವ, ನೆಟ್ಟಗೆ ಮಾತಾಡುವ ಮನುಷ್ಯ. ಹೆಂಡತಿಯನ್ನು ಹೆಸರು ಹಿಡಿದು ಕೂಗಿದ್ದೂ ಅಪರೂಪ, ಹೊಗಳಿದ್ದಂತೂ ಇಲ್ಲವೇ ಇಲ್ಲ. ಅವರಿಗಿದ್ದ ಒಂದೇ ಹುಚ್ಚು ಪಾಯಿಂಟು. ಜೊತೆಯವರು ಹೋಟೆಲಿಗೆ ಹೋದರೆ ಎಲ್ಲರ ಬಿಲ್ಲನ್ನೂ ತಮ್ಮ ಕಾರ್ಡಿನಲ್ಲೇ ಉಜ್ಜಿ ಆಮೇಲೆ ಒಬ್ಬೊಬ್ಬರ ಹತ್ತಿರ ವಸೂಲಿ ಮಾಡುತ್ತಿದ್ದರು. ಪಕ್ಕದ ಮನೆಯವರ ಫ್ರಿಜ್ಜೂ ಅವರ ಕಾರ್ಡಿನಲ್ಲೇ ಬಂತು. ಕೂಡಿಸುವುದರಲ್ಲಿ ಇಷ್ಟು ಉತ್ಸಾಹವಿದ್ದರೂ ಖರ್ಚು ಮಾಡಲು ಮನಸ್ಸು ಬರುತ್ತಿರಲಿಲ್ಲ, ಇನ್ನಷ್ಟು ಆಗಲಿ ಎನ್ನುತ್ತಿದ್ದರು. ಹಾಗೆನ್ನುತ್ತಲೇ ಮೂರು ವರ್ಷದ ಹಿಂದೆ ಹೋಗಿಬಿಟ್ಟರು.

ಅವರ ಫೋನನ್ನು ಅಮ್ಮ ಇವತ್ತಿಗೂ ದಿನಾ ಚಾರ್ಜಿಗೆ ಹಾಕುತ್ತಾರೆ. ಅಲಾರಂ ಇಡೋಕೆ ಬೇಕು ಎಂಬುದು ಅವರ ನೆಪ. ಅಲಾರಂ ಹೊಡೆದದ್ದನ್ನು ಅಕ್ಕ ಕೇಳಿಲ್ಲ. ಅಪ್ಪನ ಸಾವನ್ನು ಬ್ಯಾಂಕಿಗೆ ತಿಳಿಸಬೇಕು ಎಂದು ಅಕ್ಕನಿಗೆ, ಅದೇ ಕೆಲಸದಲ್ಲಿರುವ ಅಕ್ಕನಿಗೆ, ಗೊತ್ತಿಲ್ಲದೆ ಇಲ್ಲ. ಇವತ್ತು ನಾಳೆ ಎಂದು ಮುಂದೂಡುತ್ತಲೇ ಬಂದಿದ್ದರು.

ಕಳೆದ ವಾರದ ಒಂದು ಮುಂಜಾನೆ ಹಜಾರದಲ್ಲಿ ಅಕ್ಕನ ಸಾಲಿನ ದೀಪ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಒಂದು ಕರೆ ಮುಗಿದರೆ ಯಂತ್ರವೇ ಮುಂದಿನ ನಂಬರು ಒತ್ತುತ್ತದೆ. ನಂಬರು ಕಾಣುವುದಿಲ್ಲ, ಹೆಸರು ಮತ್ತು ವಸ್ತು ಮಾತ್ರ ಕಾಣುತ್ತವೆ. ಅಕ್ಕ ಒಂದು ಗುಟುಕು ಬಿಸಿನೀರು ಕುಡಿದು ತಲೆಯೆತ್ತಿದರು. ಪರದೆಯ ಮೇಲೆ ಅಪ್ಪನ ಹೆಸರಿತ್ತು, ಇನಿಶಿಯಲ್ ಸಮೇತ. ಕಿವಿಯಲ್ಲಿ ಆಗಲೇ ಗಂಟೆ ಬಡಿಯುತ್ತಿತ್ತು. ತಮ್ಮ ಮನೆಯ ಅಡುಗೆಕೋಣೆಯಲ್ಲಿ ಈಗ ಆ ಫೋನು ಹೊಡೆದುಕೊಳ್ಳುತ್ತಿದೆ ಎಂದು ಅವರಿಗೆ ಹೊಳೆದದ್ದು ಎರಡನೇ ಸಲ ಗಂಟೆ ಬಡಿದಾಗ. ಸ್ವಂತ ಮನೆಯವರ ಕರೆ ಬಂದರೆ ಪಕ್ಕದವರಿಗೆ ದಾಟಿಸಬೇಕು, ಪಕ್ಕದಲ್ಲಿ ಯಾರಿದ್ದರು? ಫೋನನ್ನು ಯಾರೋ ಎತ್ತಿದರು.

ಅಭ್ಯಾಸಬಲ ನೋಡಿ, ಅಕ್ಕನ ಬಾಯಿ ತನ್ನ ಪಾಡಿಗೆ ತಾನು ಕೆಲಸದ ದನಿ ತೆಗೆಯಿತು. ಅಪ್ಪನ ಹೆಸರು ಹೇಳಿ, ಮಾತಾಡುತ್ತಿರುವುದು ಅವರೇನಾ ಎಂದು ಕೇಳಿತು.

ಆ ಕಡೆ ಒಂದು ಉಸಿರು ಕೇಳಿಸಿತು.

"ಹೌದು. ಹೇಳಮ್ಮ."

ದನಿ ಅಮ್ಮನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ‘ಹೇಳಮ್ಮ’ ಅಪ್ಪನದು. ಯಾರದೇ ಫೋನು ಬಂದರೂ ಕೊನೆಯಲ್ಲಿ ಹಾಗೆ ಸ್ವಲ್ಪ ಎಳೆಯುತ್ತಿದ್ದರು. ಮೇಲೆ ಒಂದು ಒಣಕೆಮ್ಮು, ಅದೂ ಅಪ್ಪನದು. ಮೂರು ವರ್ಷ ಅಮ್ಮನ ಗಂಟಲಲ್ಲಿ ಅಪ್ಪ ಸುಮ್ಮನೆ ಕೂತಿದ್ದು, ಯಾರೋ ಹೆಸರು ಹಿಡಿದು ಕರೆದರೆಂದು ಎದ್ದು ಬಂದ ಹಾಗಿತ್ತು ಎನ್ನುತ್ತಾರೆ ಅಕ್ಕ. ರದ್ದು ಗುಂಡಿ ಬೆರಳಿನ ಕೆಳಗೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತದಿದ್ದರೆ, ಇಷ್ಟು ಮನೆಗಳವರಿಗೆ ಇಲ್ಲ ಅಂದ ಬಾಯಲ್ಲಿ ತನ್ನ ಮನೆಗೆ ಹೂಂ ಅಂದ ಹಾಗೆ. ಕರೆಯೆಲ್ಲ ರೆಕಾರ್ಡ್ ಆಗುತ್ತದೆ, ಕೆಲಸ ಹೋಗುವುದು ಖಂಡಿತ. ಯಾವುದನ್ನೂ ನಿರ್ಧರಿಸುವ ಮೊದಲೇ ಬಾಯಿ ಮುಂದಿನ ಸಾಲು ಓದಿಬಿಟ್ಟಿತ್ತು.

"ನೀವು ಕೇಳಿರೋದು ಹೆಂಗಸರ ವಾಕಿಂಗ್ ಶೂ. ಅಳತೆ ಐದು."

ಆ ಕಡೆ ಕುಕ್ಕರು ಹಬೆಯಾಡುವುದು ಅಕ್ಕನಿಗೆ ಕೇಳುತ್ತಿತ್ತು, ತಾನೇ ಹೊರಡುವ ಮುಂಚೆ ಅಕ್ಕಿ ತೊಳೆದು ಹಾಕಿಟ್ಟು ಬಂದ ಕುಕ್ಕರು. ಎಷ್ಟೋ ಹೊತ್ತಿನ ಮೇಲೆ ಬಂದ ದನಿಯಲ್ಲಿ ಅಪ್ಪ ಇರಲಿಲ್ಲ.

"ಯಾರಿಗಂತೆ?"

"ಅಮ್ಮಾ, ನಾನು ಕಣಮ್ಮ" ಎಂದರು ಅಕ್ಕ. "ನಿಂಗೇ."

ಯಾರು ಮೊದಲು ಫೋನಿಟ್ಟರು ಎಂಬುದು ಅಕ್ಕನಿಗೆ ನೆನಪಿಲ್ಲ. ರದ್ದು ಒತ್ತಿದ್ದು ಮಾತ್ರ ನೆನಪಿದೆ. ಕಾರ್ಡುದಾರರು ತೀರಿಕೊಂಡಿದ್ದಾರೆ ಎಂದು ಅದರ ಪಕ್ಕದಲ್ಲಿ ತಾವೇ ಬರೆದರು. ಮೂರು ವರ್ಷದಿಂದ ಬರೆಯಲಾಗದ್ದು ಆಗ ಬರೆಯಲಾಯಿತು, ಕಣ್ಣೀರು ಬಂತು, ಒರೆಸಿಕೊಂಡರು. ಸೂಪರ್‌ವೈಸರ್ ಬಂದ ಮೇಲೆ ಅವರೇ ಹೋಗಿ ನಡೆದದ್ದನ್ನು ಹೇಳಿದರು. ಆತ ಕರೆಯನ್ನು ಪೂರ್ತಿ ಕೇಳಿ, ಅಕ್ಕನ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿ ತಂದಿಟ್ಟನಂತೆ.

ಮಧ್ಯಾಹ್ನ ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ಇದ್ದರು, ತಟ್ಟೆ ಹಾಕಿರಲಿಲ್ಲ. ಶೂ ಬರುವುದಿಲ್ಲ, ನಾನೇ ರದ್ದು ಮಾಡಿದೆ ಎಂದು ಅಕ್ಕ ಹೇಳಿದರು. ಬೇಕಿದ್ದರೆ ಸಂಬಳದಲ್ಲಿ ಅಂಥದ್ದೇ ತರೋಣ ಎಂದೂ ಹೇಳಿದರು. ಅಮ್ಮ ಅದಕ್ಕೆ ಕಿವಿಗೊಡಲಿಲ್ಲ. ಸುಳ್ಳು ಹೇಳಬೇಕು ಅಂತ ಇರಲಿಲ್ಲ ಕಣೇ, ಯಾರೋ ಅವರನ್ನ ಕೇಳಿದರು, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಎಂದಷ್ಟೇ ಅಂದರು. ಪಾಯಿಂಟಿನ ಆಸೆಯೆಂದು ತಾನು ಇಷ್ಟು ದಿನ ರದ್ದು ಮಾಡಿದ ಹೂಂಗಳೆಲ್ಲ ಆಗ ಅಕ್ಕನಿಗೆ ಬೇರೆಯಾಗಿ ಕೇಳಿಸಿದವು. ಆಮೇಲೆ ಅಮ್ಮ ಇಡೀ ಬೆಳಗು ತಲೆ ತಿಂದಿದ್ದ ಪ್ರಶ್ನೆ ಕೇಳಿದರು.

"ಐದು ಅಂತ ಅವರಿಗೆ ಹೇಗೆ ಗೊತ್ತಾಯ್ತು? ನಾನು ಯಾವತ್ತೂ ಹೇಳಿರ್ಲಿಲ್ಲ, ಅವರೂ ಕೇಳಿರ್ಲಿಲ್ಲ."

ಚಪ್ಪಲಿ ತಿರುಗಿಸಿ ಅಡಿ ನೋಡಿರಬೇಕು ಎಂದರು ಅಕ್ಕ. ಅಮ್ಮ ಬಾಗಿಲ ಪಕ್ಕದ ಚಪ್ಪಲಿಗಳನ್ನು ಬಹಳ ಹೊತ್ತು ನೋಡಿದರು. ಅವರು ಅಷ್ಟು ಬಗ್ಗಿದರಾ ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಒಳಗೆ ಹೋಗಿ ತಟ್ಟೆ ಹಾಕಿದರು. ಆ ದಿನ ಅವರು ಹೊಟ್ಟೆ ತುಂಬ ಉಂಡರು.

ಇನ್ನು ಕೆಲವೇ ದಿನ, ಪಾಯಿಂಟುಗಳು ಸೊನ್ನೆಯಾಗುತ್ತವೆ. ಅಲ್ಲಿಯವರೆಗೆ ಅಕ್ಕನ ಪರದೆಯ ಮೇಲೆ ಹೆಸರುಗಳು ಬರುತ್ತಲೇ ಇವೆ. ಇದನ್ನು ಬರೆಯಲೆಂದು ನಾವು ಪಕ್ಕದಲ್ಲಿ ಕೂತಿದ್ದಾಗಲೂ ಒಂದು ಬಂತು; ಉಸಿರು, ಆಮೇಲೆ ಒಬ್ಬ ಹುಡುಗನ ದಪ್ಪ ಮಾಡಿದ ‘ಹೌದು’. ಅಕ್ಕ ಹಿಂದಿನ ಹಾಗೆ ಫೋನಿಡುವುದಿಲ್ಲ. ಹೊಲಿಗೆ ಯಂತ್ರ, ಕಾಲಲ್ಲಿ ತುಳಿಯುವಂಥದ್ದು, ಎಂದು ನಿಧಾನವಾಗಿ, ಒಂದೊಂದು ಮಾತೂ ಬಿಡಿಸಿ ಓದುತ್ತಾರೆ. ಆ ಕಡೆಯ ಮೌನವನ್ನು ಅದು ಮುಗಿಯುವವರೆಗೂ ಕೇಳುತ್ತಾರೆ, ಆಮೇಲೆ ರದ್ದು ಒತ್ತುತ್ತಾರೆ. ಇದು ಕ್ರಮವಲ್ಲ ಎಂದು ಸೂಪರ್‌ವೈಸರಿಗೂ ಗೊತ್ತು, ಆತ ಕೇಳಿಯೂ ಕೇಳದ ಹಾಗಿದ್ದಾನೆ.

"ಕಳಿಸೋಕಂತೂ ನನ್ನ ಕೈಲಿ ಆಗಲ್ಲ" ಎನ್ನುತ್ತಾರೆ ಖಾತ್ರಿ ಅಕ್ಕ, ಹೆಡ್‌ಫೋನ್ ಸರಿಮಾಡಿಕೊಳ್ಳುತ್ತ. "ಹೋದೋರ ಮನಸ್ಸಲ್ಲಿ ಏನಿತ್ತು ಅಂತ ಮನೆಯವರಿಗೆ ಒಂದು ಸಲ ಕೇಳಿಸ್ಲಿ. ಅಷ್ಟು ನಾನು ಓದ್ತೀನಿ."