ದೊಡ್ಡಮ್ಮನ ಹಗುರ ತೋಟಾ

ನಮ್ಮ ದೊಡ್ಡಮ್ಮನ ಕಸುಬು ಹೊಲಿಗೆ ಯಂತ್ರ ರಿಪೇರಿ, ಹುಚ್ಚು ಮಾತ್ರ ಬಂದೂಕಿನದು. ಗಾಬರಿಯಾಗಬೇಡಿ, ಅವಳು ಗುರಿಯಿಡುವುದು ಕ್ಲಬ್ಬಿನ ಮೈದಾನದಲ್ಲಿ ಯಂತ್ರವೊಂದು ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ. ಇಪ್ಪತ್ತೆರಡು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಅವಳನ್ನು ಮನೆಯಲ್ಲಿ ಕಂಡವರಿಲ್ಲ. ಕ್ಲಬ್ಬಿನ ಐದು ಜನರ ತಂಡದಲ್ಲಿ ಅವಳೊಬ್ಬಳೇ ಹೆಂಗಸು. ಐವರಲ್ಲಿ ಬಾಯಿ ಜೋರಿರುವವಳೂ ಅವಳೇ.

ಹೋದ ವರ್ಷ ಬಲಭುಜಕ್ಕೆ ಆಪರೇಷನ್ ಆಯಿತು. "ಬಂದೂಕಿನ ಒದೆ ಈ ಭುಜ ಇನ್ನು ತಡ್ಕೊಳ್ಳಲ್ಲಮ್ಮ," ಎಂದರು ಡಾಕ್ಟರು. ಇವಳು ಬಿಡಬೇಕಲ್ಲ! ಕಾಟ ತಾಳಲಾರದೆ, ಮದ್ದು ಕಡಿಮೆಯಿರುವ ಹಗುರ ತೋಟಾ ಆದರೆ ಆಗಬಹುದೆಂದು ಒಪ್ಪಿದರು. ಆರು ತಿಂಗಳ ನಂತರ ಇವಳು ಕುಣಿಯುತ್ತಾ ಮೈದಾನಕ್ಕೆ ಹೋದಳು. ಬಂದೂಕು ಕುಣಿಯಲಿಲ್ಲ.

ಅವಳದು ತಾನೇ ತುಂಬಿಕೊಳ್ಳುವ ಬಂದೂಕು. ಒಂದು ಹಾರಿದೊಡನೆ ಖಾಲಿ ತೋಟಾವನ್ನು ಆಚೆ ಎಸೆದು ಮುಂದಿನದನ್ನು ಒಳಗೆಳೆದುಕೊಳ್ಳಬೇಕು. ಹಗುರದ್ದು ಹಾಕಿದರೆ ಖಾಲಿ ತೋಟಾ ಹೊರಬೀಳುವ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬಿಲ್ಲೆಗಳು ಬರುವುದೋ ಜೋಡಿಯಾಗಿ. ಎರಡನೆಯದು ಆರಾಮವಾಗಿ ಹಾರಿಹೋಗಿ ಹುಲ್ಲಿನ ಮೇಲೆ ಇಳಿಯುತ್ತಿತ್ತು.

ಕ್ಲಬ್ಬಿನ ಕಾರ್ಯದರ್ಶಿ ಇದನ್ನೇ ಕಾಯುತ್ತಿದ್ದವನಂತೆ ಬಂದ. "ಈ ಬಂದೂಕಿಗೆ ಹಗುರ ತೋಟಾ ಆಗ್ಬರಲ್ಲ ಅಕ್ಕಾ. ಭಾರದ್ದು ನಿಮಗೆ ಆಗ್ಬರಲ್ಲ. ಇಷ್ಟು ವರ್ಷ ಆಡಿದ್ದು ಸಾಕಲ್ವಾ? ಬರೋ ಭಾನುವಾರ ಇಪ್ಪತ್ತು ಬಿಲ್ಲೆ ಕೊಡ್ತೀನಿ. ಬಂದೂಕು ಒಂದೇ ಸಲ ನಿಂತ್ರೂ ತಂಡದಲ್ಲಿ ನಿಮ್ಮ ಜಾಗ ಬೇರೆಯವರಿಗೆ."

"ತೋಟಾ ಹಗುರ ಅಂತ ನನ್ನನ್ನೂ ಹಗುರವಾಗಿ ತಗೋಬೇಡ," ಎಂದಳು ದೊಡ್ಡಮ್ಮ.

ಆತ ನಕ್ಕ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮರುದಿನ ಅಂಗಡಿಯ ಮೇಜಿನಿಂದ ಹೊಲಿಗೆ ಯಂತ್ರಗಳನ್ನು ಕೆಳಗಿಳಿಸಿ, ಹಳೆಯ ಬೆಡ್‌ಶೀಟು ಹಾಸಿ, ಖಾಲಿಯಿದೆಯೆಂದು ಎರಡೆರಡು ಸಲ ನೋಡಿ ಬಂದೂಕು ಬಿಚ್ಚಿದಳು. ಒಳಗೆ ಎಣ್ಣೆ ಮಸಿಯೊಂದಿಗೆ ಬೆರೆತು ಅಂಟಾಗಿತ್ತು. "ನೋಡೇ!" ಎಂದು ನನಗೆ ತೋರಿಸಿದಳು. "ಓಡ್ತಿಲ್ವಾ, ಎಣ್ಣೆ ಬಿಡು. ಇನ್ನೂ ಓಡ್ತಿಲ್ವಾ, ಇನ್ನಷ್ಟು ಬಿಡು. ಹಾಗೆ ಮಾಡಿ ಮಿಷನ್ ಕೆಡಿಸ್ಕೊಂಡು ಬರೋರಿಗೆ ದಿನಾ ಬೈತೀನಿ, ಈಗ ನಾನೇ ಅದನ್ನ ಮಾಡಿದ್ದೀನಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!" ಎಲ್ಲವನ್ನೂ ತಿಕ್ಕಿ, ಒರೆಸಿ ಒಣಗಿಸಿ, ಉಜ್ಜುವ ಕಡೆ ಒಂದೊಂದೇ ಹನಿ ಸವರಿದಳು. ಮಧ್ಯಾಹ್ನ ಮೈದಾನದಲ್ಲಿ ಹತ್ತು ತೋಟಾ ಹಾರಿಸಿ ನೋಡಿದೆವು. ಏಳು ಸರಿಯಾಗಿ ಆಚೆ ಬಿದ್ದವು. ಮೂರು ಸಿಕ್ಕಿಕೊಂಡವು.

ಸಂಜೆ, ಇನ್ನೂ ಬಿಚ್ಚದೇ ಉಳಿದದ್ದು ಭುಜಕ್ಕೆ ಒರಗಿಸುವ ಹಿಂಬದಿಯ ಮರವೊಂದೇ. ಅದರ ತುದಿಯ ರಬ್ಬರ್ ತೆಗೆದಳು. ಟೊಳ್ಳಿನೊಳಗಿಂದ ದೊಡ್ಡಪ್ಪನ ಬೂದು ಕಾಲುಚೀಲ ಬಂತು. ಕಾಲುಚೀಲದೊಳಗೆ ಅರ್ಧ ಕಿಲೋ ಸೀಸ.

ಅಂಗಡಿಯ ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡರು.

"ಏನ್ರೀ ಇದು?"

"ಭಾರ ಇದ್ರೆ ಕಡಿಮೆ ಒದೆಯುತ್ತೆ ಅಂದ್ರು ಯಾರೋ. ನೀನು ಆಸ್ಪತ್ರೆಯಲ್ಲಿದ್ದಾಗ ಹಾಕಿದೆ. ನಿನ್ನ ನೋವು ನೋಡೋಕಾಗ್ತಿರ್ಲಿಲ್ಲ ಕಣೇ."

"ಅಯ್ಯೋ ನನ್ನ ಕರ್ಮವೇ! ಈ ಬಂದೂಕು ನಡೆಯೋದೇ ಒದೆಯಿಂದ ರೀ. ಅದು ಹಿಂದಕ್ಕೆ ಜಿಗಿದ್ರೇನೇ ಒಳಗಿನ ಸ್ಪ್ರಿಂಗ್ ಅದುಮಿ ಬಾಗಿಲು ತೆಗೆಯೋದು. ಹಗುರ ತೋಟಾ ಕೊಡೋದೇ ಚೂರು ಒದೆ. ಅದನ್ನೂ ನಿಮ್ಮ ಕಾಲುಚೀಲ ನುಂಗಿದ್ರೆ ಇನ್ನೇನು ಉಳೀತು?" ಕಾಲುಚೀಲವನ್ನು ಅಂಗೈಯಲ್ಲಿ ತೂಗಿ ನೋಡಿ ಹೇಳಿದಳು: "ಬಂದೂಕು ಭಾರ ಅನ್ನಿಸ್ತಿತ್ತು. ನನ್ನ ಕೈಯಲ್ಲೇ ಶಕ್ತಿ ಹೋಯ್ತು ಅಂದ್ಕೊಂಡಿದ್ದೆ."

"ನಾನು ಮೊದ್ಲೇ ಹೇಳ್ಬೇಕಿತ್ತು," ಎಂದರು ದೊಡ್ಡಪ್ಪ.

"ಹೇಳಿದ್ರೆ ನಾನು ಹಾಕೋಕೆ ಬಿಡ್ತಿದ್ನಾ?" ಎಂದು ಬೈಯುತ್ತಲೇ ಅವಳು ಕಣ್ಣೊರೆಸಿಕೊಂಡಳು. ನನಗೆ ನಗು ಬಂತು.

ಭಾನುವಾರ ಕಾರ್ಯದರ್ಶಿ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಕಾಗದವಿಟ್ಟುಕೊಂಡು ಕೂತಿದ್ದ. ಮೊದಲ ಜೋಡಿ ಬಂತು. ಢಂ, ಢಂ. ಎರಡು ಖಾಲಿ ತೋಟಾಗಳು ಪಟಪಟನೆ ಬಲಕ್ಕೆ ಹಾರಿದವು. ಎರಡನೇ ಜೋಡಿ, ಮೂರನೆಯದು. ನಾನು ಬಿಲ್ಲೆಗಳನ್ನು ನೋಡುವುದನ್ನೇ ಬಿಟ್ಟು ಹುಲ್ಲಿಗೆ ಬೀಳುವ ತೋಟಾಗಳನ್ನು ಎಣಿಸತೊಡಗಿದೆ. ಒಂಬತ್ತು ಜೋಡಿಗೆ ಹದಿನೆಂಟು. ಕಾರ್ಯದರ್ಶಿಯ ಪೆನ್ಸಿಲ್ ಬಾಯಿಗೆ ಹೋಗಿತ್ತು.

ಕೊನೆಯ ಜೋಡಿಯ ಮೊದಲ ಬಿಲ್ಲೆ ಪುಡಿಯಾಯಿತು. ಎರಡನೆಯ ಗುಂಡೂ ಹಾರಿತು, ತೋಟಾವೂ ಆಚೆ ಬಿತ್ತು. ಆದರೆ ಬಿಲ್ಲೆ ಇಡಿಯಾಗಿ ಬೇಲಿ ದಾಟಿತು.

"ಹೋಯ್ತಲ್ಲ ಅಕ್ಕಾ!" ಕಾರ್ಯದರ್ಶಿ ಎದ್ದೇ ನಿಂತ. "ಬಂದೂಕು ಕೈಕೊಡ್ತು ಅಂತ ಬರ್ಕೊಳ್ಲಾ? ನಿಮಗೂ ಮರ್ಯಾದೆ ಉಳಿಯುತ್ತೆ."

ದೊಡ್ಡಮ್ಮ ಇನ್ನೂ ಬಿಸಿಯಾಗಿದ್ದ ತೋಟಾವನ್ನು ಹುಲ್ಲಿನಿಂದ ಹೆಕ್ಕಿ ಅವನ ಕಾಗದದ ಮೇಲಿಟ್ಟಳು.

"ಬಂದೂಕು ಒಂದು ಸಲಾನೂ ನಿಂತಿಲ್ಲ, ತನ್ನ ಕೆಲಸ ಮಾಡಿದೆ. ಗುರಿ ತಪ್ಪಿದ್ದು ನಾನು. ತಂಡದಲ್ಲಿ ನನ್ನ ಹೆಸರು ಬರಿ, ಅದರ ಮುಂದೆ ನನ್ನ ತಪ್ಪನ್ನೂ ಬರಿ. ನಾನಿನ್ನೂ ಆಡ್ತಿದ್ದೀನಿ ಅನ್ನೋದಕ್ಕೆ ಅದೇ ಸಾಕ್ಷಿ."

ಆತ ಬರೆಯಲೇಬೇಕಾಯಿತು.