ಶಂಕರಪ್ಪನ ಮೂರು ಪ್ರಶ್ನೆ

ನಾನು ಯಾರಿಗೂ ಸುಲಭವಾಗಿ ಕೈ ಮುಗಿಯುವವನಲ್ಲ. ನಾಗಪುರದ ತಂತಿ ಕಚೇರಿಯಲ್ಲಿ ಹನ್ನೊಂದು ವರ್ಷ ದುಡಿದು, ಸಾವನ್ನೂ ಮದುವೆಯನ್ನೂ ಹತ್ತೇ ಪದಗಳಲ್ಲಿ ಮುಗಿಸಿ ಅಭ್ಯಾಸವಾದವನು. ಒಂದೂವರೆ ಗಂಟೆ ಭಾಷಣ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಣೆಬರಹ ನೋಡಿ, ಅಲ್ಲಿನ ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಅಷ್ಟೂ ವರ್ಷ ನಾನೇ ಕಾರ್ಯದರ್ಶಿ. ಭಾಷಣಕಾರರನ್ನು ಸ್ಟೇಷನ್ನಿನಿಂದ ಕರೆತರುವುದು, ಊಟ ಹಾಕಿಸುವುದು, ಹಾರ ಹಾಕುವುದು, ಮತ್ತೆ ಗಾಡಿ ಹತ್ತಿಸುವುದು ಎಲ್ಲವೂ ನನ್ನ ತಲೆಗೇ ಬಂದಿತ್ತು. ಎಷ್ಟೋ ಪಂಡಿತರು ಬಂದು ಹೋದರು. ಆದರೆ ಆ ಊರಿನಲ್ಲಿ ನಾನು ಮನಸಾರೆ ಕೈ ಮುಗಿದದ್ದು ಇಬ್ಬರಿಗೆ ಮಾತ್ರ: ಗಾಲಿ ಬಡಿಯುವ ಶಂಕರಪ್ಪನಿಗೆ ಮತ್ತು ಅವನ ತಾಯಿ ಲಕ್ಷ್ಮವ್ವನಿಗೆ.

ಗಾಲಿ ಬಡಿಯುವುದು ರೈಲ್ವೆಯಲ್ಲಿ ಒಂದು ನೌಕರಿ. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು, ಡಬ್ಬಿಯಿಂದ ಡಬ್ಬಿಗೆ ನಡೆಯುತ್ತ, ಒಂದೊಂದು ಗಾಲಿಗೂ ಒಂದೊಂದು ಏಟು ಕೊಟ್ಟು ಸದ್ದು ಕೇಳಬೇಕು. ಗಟ್ಟಿ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಒಡಕು ಸದ್ದು ಮಾಡುತ್ತದೆ. ಶಂಕರಪ್ಪ ಗದಗಿನ ಕಡೆಯವನು, ಕುಳ್ಳ, ಕನ್ನಡ ನಾಲ್ಕನೇ ಇಯತ್ತೆ ಓದಿದವನು. ಮೈಮೇಲೆ ಯಾವಾಗಲೂ ಎಣ್ಣೆಯ ವಾಸನೆ. ಅಜನಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವನ ಮನೆ. ಆ ಮನೆಯಲ್ಲಿ ಒಂದು ಟ್ರಂಕಿನ ತುಂಬ ಪುಸ್ತಕ, ಎಲ್ಲವೂ ಇತಿಹಾಸ ಮತ್ತು ದೊಡ್ಡವರ ಜೀವನಚರಿತ್ರೆಗಳು. ಕಥೆ, ಕವಿತೆ ಕೊಟ್ಟರೆ ಮುಟ್ಟುತ್ತಿರಲಿಲ್ಲ.

"ಖರೇ ಆದದ್ದು ಬೇಕ್ರಿ ನನಗ" ಎನ್ನುತ್ತಿದ್ದ.

ದಿಲ್ಲಿಗೆ ಹೋಗುವ ಕನ್ನಡ ಲೇಖಕರು ದಾರಿಯಲ್ಲಿ ನಾಗಪುರಕ್ಕೆ ಇಳಿದು ಒಂದು ದಿನ ತಂಗಿದರೆ ನಮ್ಮ ಸಂಘ ಹಬ್ಬದ ಊಟ ಹಾಕಿಸಿ, ಸೀತಾಬರ್ಡಿಯ ಶಾಲೆಯೊಂದರ ಹಾಲ್‌ನಲ್ಲಿ ಸಭೆ ನಡೆಸಿ, ಹೊರಡುವಾಗ ಒಂದು ಬುಟ್ಟಿ ಕಿತ್ತಳೆಹಣ್ಣು ಕೊಡುತ್ತಿತ್ತು. ಅದಕ್ಕೆ ಬದಲಾಗಿ ಅವರು ತಮ್ಮ ಹೊಸ ಪುಸ್ತಕವನ್ನು ಮೊದಲೇ ಅಂಚೆಯಲ್ಲಿ ಕಳಿಸಬೇಕು, ಭಾಷಣವಾದ ಮೇಲೆ ಅದನ್ನು ಓದಿದ ಒಬ್ಬನ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆ ಒಬ್ಬ ಶಂಕರಪ್ಪ. ಯಾರೂ ನೇಮಿಸಿದ್ದಲ್ಲ. ಪುಸ್ತಕವನ್ನು ಕೊನೆಯವರೆಗೆ ಓದುತ್ತಿದ್ದವನು ಅವನೊಬ್ಬನೇ ಆದ್ದರಿಂದ ಆ ಕೆಲಸ ತಾನಾಗಿ ಅವನಿಗೆ ಬಿತ್ತು. ನಾನು ಮೈಸೂರಿನಲ್ಲಿ ಬಿ.ಎ. ಮಾಡಿದವನು; ಮೊದಮೊದಲು ನನಗೆ ಇದು ಸಂಘದ ಮಾನ ಕಳೆಯುವ ಸಂಗತಿ ಅನ್ನಿಸಿತ್ತು. ಬೆಪ್ಪ ನಾನು.

ಅವನ ಪ್ರಶ್ನೆಗಳು ಮೂರೇ, ಯಾವ ಪುಸ್ತಕಕ್ಕಾದರೂ ಅವೇ. ಪುಟದ ಗುರುತು ಹಿಡಿದು ಎದ್ದು ನಿಲ್ಲುತ್ತಿದ್ದ.

"ಇದನ್ನ ಯಾರ ಬಾಯಾಗಿಂದ ಕೇಳಿದ್ರಿ?"

"ಕೇಳಬೇಕಾಗಿದ್ದು, ಕೇಳದs ಬಿಟ್ಟವರು ಯಾರರೆ ಅದಾರೇನ್ರಿ?"

"ನೋಡಿನೂ ಬರೀದs ಬಿಟ್ಟಿದ್ದು ಏನೈತ್ರಿ?"

ಒಮ್ಮೆ ಒಬ್ಬರು ಘನ ವಿದ್ವಾಂಸರು, ರಾಜನೊಬ್ಬ ಯುದ್ಧದ ಹಿಂದಿನ ದಿನ ಕಣ್ಣೀರು ಹಾಕಿದ್ದನ್ನು ಎರಡು ಪುಟ ಬರೆದಿದ್ದರು. ಶಂಕರಪ್ಪನ ಮೊದಲ ಪ್ರಶ್ನೆಗೇ ಅವರು ಕೆಮ್ಮಿ, ಅದು ತಮ್ಮ ಊಹೆ ಎಂದರು. "ಹಂಗಾರ ಊಹೆ ಅಂತ ಬರದಿದ್ರ ಚಲೋ ಇತ್ರಿ" ಎಂದು ಇವನು ವಿನಯದಿಂದಲೇ ಹೇಳಿ ಕೂತ. ಅವರು ಕಿತ್ತಳೆಯ ಬುಟ್ಟಿಯನ್ನೂ ಮುಟ್ಟದೆ ಗಾಡಿ ಹತ್ತಿದರು. ನಾನು ಶಂಕರಪ್ಪನ ಮೇಲೆ ಕೂಗಾಡಿದೆ. ಆರು ತಿಂಗಳ ಮೇಲೆ ಅದೇ ವಿದ್ವಾಂಸರಿಂದ ಅವನ ಹೆಸರಿಗೆ ಕಾರ್ಡು ಬಂತು, ಹೊಸ ಪುಸ್ತಕದ ಹಸ್ತಪ್ರತಿಯನ್ನು ಮೊದಲು ನೀವೇ ಓದಬೇಕೆಂದು. ನಾನು ಕೂಗಾಡಿದ್ದನ್ನು ಮರೆತವನ ಹಾಗೆ ಇದ್ದುಬಿಟ್ಟೆ.

ಐವತ್ತೇಳನೇ ಇಸವಿಯ ಚಳಿಗಾಲದಲ್ಲಿ ಧಾರವಾಡದ ವ್ಯಾಸರಾಜರ ಪುಸ್ತಕ ಬಂತು. ಲಕ್ಷ್ಮೀಕಾಂತರಾಯರೆಂಬ ಹಳೆಯ ಕಾಲದ ಇಂಜಿನಿಯರರ ಜೀವನಚರಿತ್ರೆ. ಅಂಚೆಯ ಕಟ್ಟು ಬಿಚ್ಚಿದವನು ನಾನೇ ಆದ್ದರಿಂದ ಪುಟ ತಿರುವಿದೆ. ಒಂದು ಕಡೆ ಕಣ್ಣು ನಿಂತಿತು.

"೧೯೧೯ರಲ್ಲಿ ಹಿರೇಹಳ್ಳದ ಸೇತುವೆ ಕುಸಿದು ಹದಿಮೂರು ಜನ ಸತ್ತುದಕ್ಕೆ ರಾಯರನ್ನು ದೂರುವುದು ಅನ್ಯಾಯ. ಅವರು ಕಟ್ಟಿಸಿದ ಸೇತುವೆಯಲ್ಲಿ ದೋಷವಿರಲಿಲ್ಲ. ನೀರು ಅಪಾಯದ ಗೀಟನ್ನು ದಾಟಿದಾಗ ಗಾಡಿಯನ್ನು ತಡೆಯಬೇಕಾಗಿದ್ದ ಕಾವಲುಗಾರ ರಾಮಣ್ಣನೆಂಬವನು ಕರ್ತವ್ಯ ಮರೆತು ನಿದ್ರಿಸುತ್ತಿದ್ದನು."

ಹಿರೇಹಳ್ಳದ ರಾಮಣ್ಣ ಶಂಕರಪ್ಪನ ತಂದೆ. ಆ ಕಥೆ ನಮ್ಮ ಸಂಘದಲ್ಲಿ ಎಲ್ಲರಿಗೂ ಬಾಯಿಪಾಠ. ಕೆಂಪು ನಿಶಾನೆ ಬೀಸುತ್ತ ಗಾಡಿಗೆ ಎದುರಾಗಿ ಓಡಿದರು, ಚಾಲಕನಿಗೆ ಕಾಣಲಿಲ್ಲ, ಸೇತುವೆಯ ಜೊತೆಗೇ ಹೊಳೆಯ ಪಾಲಾದರು. ಆಗ ಶಂಕರಪ್ಪನಿಗೆ ಒಂಬತ್ತು ವರ್ಷ. ಸುತ್ತಿಗೆ ಹಿಡಿಯುವ ನೌಕರಿಗೆ ಸೇರಿದ್ದೂ ಆ ತಂದೆಯ ಮಗನೆಂಬ ಹೆಮ್ಮೆಯಿಂದಲೇ. ತನ್ನ ಮಕ್ಕಳಿಗೂ ಆ ನಿಶಾನೆಯ ಕಥೆಯನ್ನೇ ಹೇಳಿ ಬೆಳೆಸಿದ್ದ.

ಪುಸ್ತಕವನ್ನು ಬಚ್ಚಿಡೋಣವೆಂದುಕೊಂಡೆ. ಮನಸ್ಸು ಒಪ್ಪಲಿಲ್ಲ, ಕೊಟ್ಟೆ. ಮೂರು ದಿನ ಬಿಟ್ಟು ಸ್ಟೇಷನ್ನಿಗೆ ಹೋಗಿ, ಅವನು ಗಾಡಿಯೊಂದನ್ನು ಮುಗಿಸಿ ಬರುವವರೆಗೆ ಕಾದು ಹೇಳಿದೆ: "ಈ ಸಲ ನೀವು ಬೇಡ ಶಂಕರಪ್ಪ. ನಾನೇ ಏನಾದರೂ ಕೇಳಿ ಮುಗಿಸ್ತೀನಿ."

ಅವನು ಸುತ್ತಿಗೆಯನ್ನು ಕಂಬಕ್ಕೆ ಒರಗಿಸಿದ. "ಯಾಕ್ರಿ ಸೆಕ್ರೆಟರಿ ಸಾಹೇಬ್ರ? ನಮ್ಮಪ್ಪನ ಹೆಸರು ಬಂದೈತಿ ಅಂತೇನು?"

"ಹೌದು. ನಿಮಗೆ ಸಿಟ್ಟು ಬರೋದು ಸಹಜ."

"ಸಿಟ್ಟು ಬಂದೈತಿ. ಮೂರು ದಿನ ಅನ್ನ ಸೇರಿಲ್ಲ" ಎಂದ. "ಆದ್ರ ಬ್ಯಾರೇದವರ ಅಪ್ಪಂದಿರ ಬಗ್ಗೆ ಬರದಾಗ ನಾ ಮೂರು ಪ್ರಶ್ನೆ ಕೇಳೀನಿ. ನಮ್ಮಪ್ಪಂದು ಬಂದಾಗ ಬಡಿಗಿ ತೊಗೊಂಡು ಹೋಗಲೇನು? ಅವ ಮೂರs ಕೇಳತೀನಿ."

ಭಾನುವಾರ ಸಂಜೆ ಸಭೆ ನಡೆಯಿತು. ವ್ಯಾಸರಾಜರು ಐವತ್ತರ ವಯಸ್ಸಿನ ಸೌಮ್ಯ ಮನುಷ್ಯ, ಸದ್ಯ ಅವರ ಭಾಷಣವೂ ಚಿಕ್ಕದು. ನಮ್ಮ ಗಾಲಿ ಬಡಿಯುವವನು ಯಾರ ಮಗ ಎಂದು ಅವರಿಗೆ ತಿಳಿಯದು. ಸಭಿಕರಿಗೆ ಅದು ಗೊತ್ತು, ಪುಸ್ತಕದಲ್ಲಿ ಏನಿದೆಯೆಂದು ಗೊತ್ತಿಲ್ಲ. ಎರಡೂ ತಿಳಿದಿದ್ದವನು ಅವನನ್ನು ಬಿಟ್ಟರೆ ನಾನೊಬ್ಬ. ಶಂಕರಪ್ಪ ಎದ್ದು ಆ ಸಾಲುಗಳನ್ನು ಗಟ್ಟಿಯಾಗಿ ಓದಿದ. ಸಭಿಕರು ಒಬ್ಬರ ಮುಖ ಒಬ್ಬರು ನೋಡಿದರು. ಅವನ ಧ್ವನಿ ಎಂದಿನಂತೆಯೇ ಇತ್ತು.

"ಇದನ್ನ ಯಾರ ಬಾಯಾಗಿಂದ ಕೇಳಿದ್ರಿ?"

"ವಿಚಾರಣೆಯ ವರದಿ ಅದ. ಕುರಿ ಕಾಯೋನೊಬ್ಬ, ಕಾವಲುಗಾರ ಮಲಗಿದ್ದನ್ನ ಕಣ್ಣಾರೆ ನೋಡೀನಿ ಅಂತ ಹೇಳ್ಯಾನ" ಎಂದರು ವ್ಯಾಸರಾಜರು.

"ಕೇಳಬೇಕಾಗಿದ್ದು, ಕೇಳದs ಬಿಟ್ಟವರು?"

"ಕಾವಲುಗಾರ ಅವತ್ತs ಸತ್ತ. ಅವನ ಹೆಂಡತಿ ಮಗನ್ನ ಕರಕೊಂಡು ಊರು ಬಿಟ್ಟಳಂತ. ನಾ ಹುಡುಕಲಿಲ್ಲ, ಅದು ಖರೇ."

"ನೋಡಿನೂ ಬರೀದs ಬಿಟ್ಟಿದ್ದು ಏನೈತ್ರಿ?"

ವ್ಯಾಸರಾಜರು ಕನ್ನಡಕ ತೆಗೆದು ಪಂಚೆಯಿಂದ ಒರೆಸಿದರು. ತಪ್ಪಿಸಿಕೊಳ್ಳಬಹುದಿತ್ತು, ಆ ಮಹಾನುಭಾವರು ತಪ್ಪಿಸಿಕೊಳ್ಳಲಿಲ್ಲ.

"ಒಂದು ಕಾಗದ ನೋಡಿದ್ದೆ. ಸ್ಟೇಷನ್ ಮಾಸ್ತರರು ರಾಯರ ಕಚೇರಿಗೆ ಬರೆದದ್ದು. ಜೋಡಿ ಕಾವಲುಗಾರಗ ಜ್ವರ, ರಾಮಣ್ಣ ಒಬ್ಬನೇ ಎರಡು ದಿನ ಹಗಲೂ ರಾತ್ರಿ ಎದ್ದಾನ, ಬದಲಿ ಆಳು ಕಳಸ್ರಿ ಅಂತ. ಅದಕ್ಕ ಉತ್ತರ ಹೋದದ್ದು ಕಾಣಲಿಲ್ಲ. ಸೇತುವೆ ಬಿದ್ದದ್ದು ಮೂರನೇ ದಿನ." ಕನ್ನಡಕ ಹಾಕಿಕೊಂಡು ಹೇಳಿದರು: "ರಾಯರ ಬಗ್ಗೆ ನನಗ ಭಕ್ತಿ ಅದ. ಅದಕ್ಕ ಬಿಟ್ಟೆ. ಬಿಡಬಾರದಿತ್ತು."

"ಬರೋಬರ್" ಎಂದು ಶಂಕರಪ್ಪ ಕೂತ. ಸರಿಯಾದ ಉತ್ತರ ಸಿಕ್ಕಾಗಲೆಲ್ಲ ಅವನು ಹಾಗೆ ಹೇಳಿಯೇ ಕೂರುತ್ತಿದ್ದದ್ದು.

ವಂದನಾರ್ಪಣೆ ಮುಗಿದು ಜನ ಕರಗಿದ ಮೇಲೆ ಅವನು ಲೇಖಕರ ಬಳಿಗೆ ಬಂದು ಕೈ ಜೋಡಿಸಿದ. "ಎರಡನೇ ಪ್ರಶ್ನೆದ್ದು ಉಳದೈತ್ರಿ. ರಾಮಣ್ಣನ ಹೆಂಡತಿ ನಮ್ಮ ಮನ್ಯಾಗ ಅದಾಳ. ನಮ್ಮವ್ವ. ನೀವs ಕೇಳ್ರಿ. ಆಕಿ ಕೆಂಪ ನಿಶಾನಿ ಕಂಡಾಕಿ. ಬರ್ರಿ ಮನೀಗೆ." ವ್ಯಾಸರಾಜರು ಹಾರವನ್ನು ಕುರ್ಚಿಯ ಮೇಲಿಟ್ಟು ಎದ್ದರು. ಟಾಂಗಾ ಹಿಡಿದು ಮೂವರೂ ಅಜನಿಗೆ ಹೋದೆವು.

ಲಕ್ಷ್ಮವ್ವ ಪಕ್ಕದೂರು ಕಾಮಠಿಯ ಕೈಮಗ್ಗದ ಸೀರೆಯುಟ್ಟು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಶಂಕರಪ್ಪ ಬಂದವರು ಯಾರೆಂದು ಹೇಳಿ, ಪುಸ್ತಕದ ಆ ಸಾಲುಗಳನ್ನು ಓದಿ, ಕುರಿ ಕಾಯುವವನ ಸಾಕ್ಷಿಯನ್ನೂ ತಿಳಿಸಿದ. ಆಕೆಯ ಕೈ ಮೊರದಲ್ಲಿ ನಿಂತಿತು.

ವ್ಯಾಸರಾಜರು ನೆಲದ ಮೇಲೆಯೇ ಕೂತರು. "ಅವ್ವಾರ, ಅವತ್ತು ಏನಾತು ನೀವs ಹೇಳ್ರಿ. ನಿಮ್ಮನ್ನ ಕೇಳದs ಬರದೆ, ತಪ್ಪಾತು."

"ಕುರಿಯವ ಸುಳ್ಳು ಹೇಳಿಲ್ರೀಯಪ್ಪಾ" ಎಂದರು ಲಕ್ಷ್ಮವ್ವ. "ಮಲಗಿದ್ರು."

ಶಂಕರಪ್ಪ ಪುಸ್ತಕ ಮುಚ್ಚಿದ.

"ಮೂರು ದಿನ ರೆಪ್ಪಿಗೆ ರೆಪ್ಪಿ ಹಚ್ಚಿರಲಿಲ್ಲ. ಮುಂಜಾನೆ ರೊಟ್ಟಿ ತೊಗೊಂಡು ಹೋದೆ. ಮಳಿ ನಿಂತಿತ್ತು, ಹೊಳಿ ಗೀಟಿನ ಕೆಳಗ ಇಳದಿತ್ತು. ಗೋಡಿಗೆ ಆತು ಕುಂತಲ್ಲೇ ನಿದ್ದಿ ಹತ್ತಿತ್ತು, ನಿಶಾನಿ ತೊಡಿ ಮ್ಯಾಲೆ. ಎಬ್ಬಸಬೇಕಂತ ಕೈ ಚಾಚಿದೆ. ಮಾರಿ ನೋಡಿ ಮನಸಾಗಲಿಲ್ಲ. ಒಂದು ಗಳಿಗಿ ಮಲಗಲಿ ಅಂತ ಕಂಬಳಿ ಹೊಚ್ಚಿ ಬಂದೆ. ಮನೀ ಮುಟ್ಟಿರಲಿಲ್ಲ, ಮ್ಯಾಲಿನ ಕೆರಿ ಒಡದು ನೀರು ಬಂತು. ಗಾಡಿ ಬಿದ್ದ ಸಪ್ಪಳ ಕೇಳಿ ತಿರುಗಿ ಓಡಿದೆ. ಅವರು ನೀರಾಗ ಇದ್ರು. ಮೂರು ಮಂದೀನ ದಂಡಿಗೆ ಎಳಕೊಂಡು ಬಂದ್ರು. ನಾಕನೇದವರಿಗೆ ಅಂತ ಹೋದವರು ಬರಲಿಲ್ಲ."

ಶಂಕರಪ್ಪ ತಾಯಿಯ ಹತ್ತಿರ ಸರಿದ. "ಯವ್ವಾ, ಮತ್ತ ಕೆಂಪ ನಿಶಾನಿ?"

"ಅದು ನಾ ಹೇಳಿದ್ದೋ ತಮ್ಮಾ. ಒಂಬತ್ತು ವರ್ಷದವಗ ಮತ್ತೇನ್ ಹೇಳಲಿ?" ಆಕೆ ಮಗನನ್ನೇ ನೋಡಿದರು. "ಮುಂದ ನೀ ದೊಡ್ಡವನಾದಿ. ಬಂದ ಬಂದ ಪಂಡಿತರನ್ನೆಲ್ಲ ಕೇಳಿದಿ. ನನ್ನ ಒಮ್ಮೆರ ಕೇಳಿದೇನು? ಕೇಳಿದ್ರ ಹೇಳತಿದ್ದೆ."

ಮೂವತ್ತೆಂಟು ವರ್ಷ. ಅಷ್ಟು ಕಾಲ ಆಕೆ ಅದನ್ನು ಒಬ್ಬರೇ ಹೊತ್ತುಕೊಂಡು ರೊಟ್ಟಿ ಬಡಿದಿದ್ದರು, ಮೊಮ್ಮಕ್ಕಳಿಗೆ ಎಣ್ಣೆ ನೀರು ಹಾಕಿದ್ದರು, ಮಗ ಹೆಮ್ಮೆಯಿಂದ ನಿಶಾನೆಯ ಕಥೆ ಹೇಳುವಾಗ ಪಕ್ಕದಲ್ಲೇ ಕೂತು ಕೇಳಿದ್ದರು. ವ್ಯಾಸರಾಜರು ಮೆಲ್ಲಗೆ, ಇದನ್ನು ಬರೆಯಬೇಕೋ ಬಿಡಬೇಕೋ ಎಂದು ಕೇಳಿದರು.

"ಬರೀರಿ. ಅವರೊಬ್ಬರ ಹೆಸರು ಬರದ್ರ ಹೆಂಗ? ಎಬ್ಬಸದs ಬಂದಾಕಿ ನಾನು. ನನ್ನ ಹೆಸರೂ ಅದರ ಬಾಜೂಕ ಬರೀರಿ."

ವ್ಯಾಸರಾಜರು ಮಗನ ಕಡೆ ನೋಡಿದರು. ಬೇಡ ಎನ್ನುವ ಹಕ್ಕು ಅವನಿಗಿತ್ತು. ಅವನು ಬೇಡ ಎಂದಿದ್ದರೆ ನಾನೂ ಅವನ ಪರವೇ ನಿಲ್ಲುತ್ತಿದ್ದೆ. ತಂದೆಯ ನಿಶಾನೆಯೂ ಹೋಯಿತು, ಈಗ ತಾಯಿಯ ಹೆಸರೂ ಅಚ್ಚಾಗಬೇಕು. ಶಂಕರಪ್ಪ ಮೊರದ ಪಕ್ಕದಲ್ಲಿ ಕೂತು ತಾಯಿಯ ಕೈ ಹಿಡಿದುಕೊಂಡ.

"ಬರೋಬರ್" ಎಂದ. ಆಮೇಲೆ ಅತ್ತ.

ಆ ಹೊತ್ತಿನಲ್ಲಿ ನಾನು ಕೈ ಮುಗಿದೆ. ಯಾರೂ ನೋಡಲಿಲ್ಲ, ನೋಡಲೆಂದು ಮುಗಿದದ್ದೂ ಅಲ್ಲ.

ಎರಡು ವರ್ಷದ ಮೇಲೆ ಪುಸ್ತಕದ ಎರಡನೆಯ ಮುದ್ರಣ ಬಂತು. ನಾನೇ ಅಜನಿಗೆ ಒಯ್ದು ಕೊಟ್ಟೆ. ಲಕ್ಷ್ಮವ್ವನಿಗೆ ಆಗಲೇ ಕಣ್ಣು ಮಂಜಾಗಿತ್ತು. ಶಂಕರಪ್ಪ ಆಕೆಯ ಮುಂದೆ ಕೂತು ಓದಿದ. "ಕರ್ತವ್ಯ ಮರೆತು" ಎಂಬ ಮಾತು ಹೋಗಿತ್ತು. ಸ್ಟೇಷನ್ ಮಾಸ್ತರರ ಕಾಗದ ಬಂದಿತ್ತು. ಮೂರು ದಿನದ ಎಚ್ಚರ, ಬೆಳಗಿನ ರೊಟ್ಟಿ, ಕಂಬಳಿ, ನೀರಿನಿಂದ ಹೊರಬಂದ ಮೂರು ಜನ, ಎಲ್ಲವೂ ಇತ್ತು. ಲಕ್ಷ್ಮವ್ವ ತಲೆ ತಗ್ಗಿಸಿ ಕೇಳಿಸಿಕೊಂಡರು.

"ಇದನ್ನ ಯಾರ ಬಾಯಾಗಿಂದ ಕೇಳಿದ್ದು ಅಂತ ಬರದಾರೇನೋ?"

"ಬರದಾರವ್ವ. ರಾಮಣ್ಣನ ಹೆಂಡತಿ ಲಕ್ಷ್ಮವ್ವ, ಅಜನಿ, ನಾಗಪುರ ಅಂತ."

"ಅವರ ಹೆಸರಿನ ಬಾಜೂಕ ಐತೇನು?"

"ಬಾಜೂಕs ಐತಿ."

"ತೋರಸು" ಎಂದರು. ಓದು ಬಾರದ ಆಕೆಯ ಬೆರಳನ್ನು ಶಂಕರಪ್ಪ ಹಿಡಿದು ಆ ಜಾಗದ ಮೇಲೆ ಇಟ್ಟ. ಎಬ್ಬಿಸಲು ಚಾಚಿ ಹಿಂದೆಗೆದ ಆ ಕೈಯನ್ನು ಲಕ್ಷ್ಮವ್ವ ಗಂಡನ ಹೆಸರಿನ ಮೇಲಿಂದ ಬಹಳ ಹೊತ್ತು ತೆಗೆಯಲಿಲ್ಲ.